ದಾಮಾಜಿ ಗಾಯಕವಾಡ: ಗುಜರಾತಿನ ಸಮುರಾಯ್ ದೊರೆ

ಸಮುರಾಯ್ ಅಂದ ಕೂಡಲೇ ನಮಗೆ ಸಿನಿಮಾ ನೆನಪಾಗುತ್ತೆ: ಒಡೆಯನಿಗಾಗಿ ಪ್ರಾಣ ಕೊಡೋ ನಿಷ್ಠಾವಂತ. ಆದರೆ ಆ ಸಮುರಾಯ್‌ಗಳ ಮೇಲಿದ್ದ ದೊರೆಗಳನ್ನ, ಅಂದರೆ ಡೈಮ್ಯೋಗಳನ್ನ ನೋಡಿ. 1600ರ ಸೆಕಿಗಹಾರಾ ಯುದ್ಧದಲ್ಲಿ ಕೊಬಯಾಕವಾ ಹಿದೆಯಾಕಿ ನಡುಮಧ್ಯಾಹ್ನ ಪಕ್ಷ ಬದಲಿಸಿದ. ತೊಕುಗವಾ ಇಯೆಯಾಸು ಗೆದ್ದ. ಹಿದೆಯಾಕಿಗೆ ದೊಡ್ಡ ಸೀಮೆಯೇ ಇನಾಮಾಗಿ ಸಿಕ್ಕಿತು. ಒಡೆಯ, ಭೂಮಿ, ಸೈನ್ಯ, ಈ ಮೂರರ ಲೆಕ್ಕವೇ ಆ ದೊರೆಗಳ ಬದುಕು.

ಅಂಥ ಬದುಕು ನೋಡೋಕೆ ಜಪಾನಿಗೇ ಹೋಗಬೇಕಿಲ್ಲ. ಸೂರತ್‌ನಿಂದ ಧುಳೆ ಕಡೆಗೆ ಹೋಗೋ ಹೈವೇಯಲ್ಲಿ ಸೋನ್‌ಗಢ ಅಂತ ಊರಿದೆ, ಪಕ್ಕದ ಗುಡ್ಡದ ಮೇಲೆ ಕೋಟೆ. ಬರೋಡಾದ ಗಾಯಕವಾಡರು ಶುರುವಾಗಿದ್ದು ಅರಮನೆಯಿಂದಲ್ಲ, ಈ ಕಾಡುಗುಡ್ಡದಿಂದ. ಪುಣೆ ಸೀಮೆಯ ಪಿಲಾಜಿ ಗಾಯಕವಾಡ 1720ರ ಸುಮಾರಿಗೆ ಇಲ್ಲಿ ನೆಲೆಯೂರಿ, ಕೆಳಗಿನ ಬಯಲಿನಲ್ಲಿ ಚೌತ್ ವಸೂಲಿಗೆ ನಿಂತ. ಚೌತ್ ಅಂದರೆ ಆದಾಯದ ನಾಲ್ಕನೇ ಒಂದು ಪಾಲು. ಹೆಸರಿಗೆ ಪಿಲಾಜಿ ಸ್ವತಂತ್ರನಲ್ಲ. ಮರಾಠರ ಸೇನಾಪತಿ ದಾಭಾಡೆ ಮನೆತನದ ಕೈಕೆಳಗಿನ ಸರದಾರ.

ಈ ದಾಭಾಡೆಗಳಿಗೂ ಪೇಶ್ವೆಗೂ ಆಗಿಬರುತ್ತಿರಲಿಲ್ಲ. ಜಗಳ ಯಾವುದಕ್ಕೆ ಅಂತೀರಾ? ಗುಜರಾತಿನ ವಸೂಲಿ ಯಾರದ್ದು ಅನ್ನೋದಕ್ಕೆ. 1731ರಲ್ಲಿ ದಭೋಯಿ ಹತ್ತಿರ ಯುದ್ಧ ಆಯ್ತು, ತ್ರಿಂಬಕರಾವ್ ದಾಭಾಡೆ ಬಾಜೀರಾಯನ ಎದುರು ಸತ್ತ. ಮರುವರ್ಷ ಡಾಕೋರಿನಲ್ಲಿ ಪಿಲಾಜಿಯ ಕೊಲೆ. ಗುಜರಾತಿನ ಮೊಘಲ್ ಸುಬೇದಾರನಾಗಿದ್ದ ಮಾರವಾಡದ ಅಭಯಸಿಂಗ್ ಸಂಧಾನದ ನೆಪದಲ್ಲಿ ಜನ ಕಳಿಸಿದ್ದ. ಅವರೇ ಚುಚ್ಚಿ ಕೊಂದರು.

ಮಗ ದಾಮಾಜಿ ಕಣ್ಣೀರಿಟ್ಟು ಕೂರಲಿಲ್ಲ. ತ್ರಿಂಬಕರಾವ್‌ನ ತಾಯಿ ಉಮಾಬಾಯಿ ದಾಭಾಡೆ ತಾನೇ ಸೈನ್ಯ ಕಟ್ಟಿಕೊಂಡು ಅಹಮದಾಬಾದಿನ ಮೇಲೆ ಹೊರಟಳು. ದಾಮಾಜಿ ಅವಳ ಜೊತೆ. ಮಗನನ್ನು ಕಳೆದುಕೊಂಡವಳು, ತಂದೆಯನ್ನು ಕಳೆದುಕೊಂಡವನು. ಈ ಜೋಡಿಯನ್ನ ನೆನಪಿಟ್ಟುಕೊಳ್ಳಿ. 1734ರಲ್ಲಿ ಪಿಲಾಜಿಯ ತಮ್ಮ ಮಹಾದಜಿ ಮತ್ತು ದಾಮಾಜಿ ವಡೋದರಾ ವಾಪಸ್ ತಗೊಂಡರು. 1949ರಲ್ಲಿ ಬರೋಡಾ ಸಂಸ್ಥಾನ ಮುಂಬೈ ಪ್ರಾಂತ್ಯಕ್ಕೆ ಸೇರೋವರೆಗೂ ಆ ಊರು ಗಾಯಕವಾಡರದ್ದೇ. ಅಹಮದಾಬಾದಿನಲ್ಲೂ ಮೋಮಿನ್ ಖಾನ್ ಜೊತೆ ಕೂಡಿ ಊರಿನ ಅರ್ಧ ಆದಾಯ ದಾಮಾಜಿ ಪಾಲಿಗೆ ಬಂತು. ಅಲ್ಲಿ ಅವನ ಕಾಲದ ಗಾಯಕವಾಡ ಹವೇಲಿ ಈಗಲೂ ಇದೆ, ಪೊಲೀಸರ ಕ್ರೈಂ ಬ್ರಾಂಚ್ ಇರೋದು ಅಲ್ಲೇ.

ಈಗ ಕಥೆಯ ತಿರುವು. 1750ರ ಕೊನೆಗೆ ಸಾತಾರಾದಲ್ಲಿ ತಾರಾಬಾಯಿ ಛತ್ರಪತಿ ರಾಮರಾಜನನ್ನ ಬಂಧಿಸಿ, ಪೇಶ್ವೆ ಬಾಲಾಜಿ ಬಾಜೀರಾವ್ ವಿರುದ್ಧ ನಿಂತಳು. ಉಮಾಬಾಯಿ ಅವಳ ಕಡೆ. ಪೇಶ್ವೆ ದೂರದಲ್ಲಿ, ನಿಜಾಮನ ಗಡಿಯಲ್ಲಿದ್ದ. ದಾಮಾಜಿ ಸುಮಾರು 15,000 ಸೈನ್ಯದೊಂದಿಗೆ ಗುಜರಾತಿನಿಂದ ಹೊರಟ, ಮಾರ್ಚ್ 1751ರಲ್ಲಿ ನಿಂಬ್ ಎಂಬಲ್ಲಿ ಪೇಶ್ವೆಯ ಜನರನ್ನ ಸೋಲಿಸಿಯೂಬಿಟ್ಟ. ಅಷ್ಟರಲ್ಲಿ ಪೇಶ್ವೆ ಓಡೋಡಿ ಬಂದ. ದಾಮಾಜಿ ಕೃಷ್ಣಾ ಕಣಿವೆಯಲ್ಲಿ ಸಿಕ್ಕಿಬಿದ್ದ, ಮಾತುಕತೆಗೆ ಬಂದ. ಪೇಶ್ವೆ ಕೇಳಿದ್ದು ಅರ್ಧ ಗುಜರಾತ್. ದಾಮಾಜಿ ಕೊಟ್ಟ ಉತ್ತರ: ನಾನು ಬರೀ ಮುತಾಲಿಕ, ಉಮಾಬಾಯಿಯನ್ನ ಕೇಳದೆ ಹೇಗೆ ಒಪ್ಪಲಿ? ಮಾತುಕತೆ ನಡೀತಿರುವಾಗಲೇ ಅವನ ಪಾಳೆಯಕ್ಕೆ ಮುತ್ತಿಗೆ ಹಾಕಿ ಹಿಡಿದರು. ಪುಣೆಯ ಸೆರೆ, ಆಮೇಲೆ ಲೋಹಗಡ. ಅಪ್ಪನನ್ನ ಕೊಂದಿದ್ದು ಸಂಧಾನದ ನೆಪದಲ್ಲಿ, ಮಗ ಸೆರೆಯಾಗಿದ್ದೂ ಸಂಧಾನದ ನಡುವೆಯೇ.

ಸಿನಿಮಾ ಸಮುರಾಯ್ ಆಗಿದ್ದರೆ ಇಲ್ಲಿ ಹೊಟ್ಟೆ ಬಗೆದುಕೊಂಡು ಕಥೆ ಮುಗಿಸುತ್ತಿದ್ದ. ದಾಮಾಜಿ ಸುಮಾರು ಒಂದು ವರ್ಷ ಸೆರೆಯಲ್ಲಿ ಕೂತು ಲೆಕ್ಕ ಹಾಕಿದ. 1752ರಲ್ಲಿ ಒಪ್ಪಂದವಾಯ್ತು: ಅರ್ಧ ಗುಜರಾತ್ ಪೇಶ್ವೆಗೆ, ಹಳೆ ಬಾಕಿಗೆ 15 ಲಕ್ಷ, ವರ್ಷಕ್ಕೆ 5.25 ಲಕ್ಷ ಕಪ್ಪ, ಕರೆದಾಗ ಕುದುರೆ ಸೈನ್ಯ. ಜೊತೆಗೆ ದಾಭಾಡೆಗಳ ಕೈ ಬಿಡಬೇಕು. ಬಿಟ್ಟ! ಅದಾದ ಮೇಲೆ ಪೇಶ್ವೆಗೆ ಎಡಗೈಯಲ್ಲೇ ಮುಜ್ರೆ ಮಾಡುತ್ತಿದ್ದ ಅಂತ ಒಂದು ಕಥೆ ಹೇಳ್ತಾರೆ. ನಿಜವೋ ಸುಳ್ಳೋ, ಗುಜರಾತಿನಲ್ಲಿ ಉಳಿದರ್ಧ ಮಾತ್ರ ಅವನ ಸ್ವಂತದ್ದಾಯಿತು. ಮುತಾಲಿಕ ಹೋಗಿ ದೊರೆಯಾದ.

ಇದನ್ನ ಜಾಣತನ ಅಂತ ಬರೆಯೋರು ಜಾಸ್ತಿ. ರಾಜಕೀಯವಾಗಿ ಜಾಣತನವೇ, ಒಪ್ಪುತ್ತೀನಿ. ಆದರೆ ನನಗೆ ಈ ಭಾಗ ಓದಿದಾಗೆಲ್ಲ ಉಮಾಬಾಯಿ ಕಾಣ್ತಾಳೆ. ಮಗ ಸತ್ತ, ಜಹಗೀರು ಹೋಯ್ತು, ಕೊನೆಗೆ ಜೊತೆಗಿದ್ದ ಸರದಾರನೂ ಹೋದ. 1753ರಲ್ಲಿ ತೀರಿಕೊಂಡಳು. ಅದೇ ವರ್ಷ ದಾಮಾಜಿ, ಪೇಶ್ವೆಯ ತಮ್ಮ ರಘುನಾಥರಾಯನ ಜೊತೆ ನಿಂತು ಜವಾನ್ ಮರ್ದ್ ಖಾನ್ ಬಾಬಿಯಿಂದ ಅಹಮದಾಬಾದ್ ಗೆದ್ದ.

ಸೂರತ್ ಒಂದು ಮಾತ್ರ ಕೈಗೆ ಸಿಗಲಿಲ್ಲ. ಅಲ್ಲಿನ ಆದಾಯದಲ್ಲಿ ಪಾಲಿತ್ತು, ಆದರೆ 1759ರಲ್ಲಿ ಕೋಟೆ ಹಿಡಿದವರು ಇಂಗ್ಲಿಷರು. ಎರಡು ವರ್ಷಕ್ಕೆ ಪಾಣಿಪತ್. ಅಲ್ಲಿಂದ ಜೀವಂತ ವಾಪಸ್ ಬಂದ ಕೆಲವೇ ಸರದಾರರಲ್ಲಿ ದಾಮಾಜಿ ಒಬ್ಬ. ಸೋನ್‌ಗಢ ಬಿಟ್ಟು ಉತ್ತರದ ಪಾಟಣವನ್ನ ರಾಜಧಾನಿ ಮಾಡಿಕೊಂಡ. 1768ರಲ್ಲಿ ಅಲ್ಲೇ ಸತ್ತ. ಸಾಯೋ ಮೊದಲು ಇನ್ನೊಂದು ಪಂದ್ಯ ಕಟ್ಟಿದ್ದ: ಪೇಶ್ವೆ ಮಾಧವರಾಯನ ವಿರುದ್ಧ ರಘುನಾಥರಾಯನಿಗೆ ಸಹಾಯ ಮಾಡೋಕೆ ಮಗ ಗೋವಿಂದರಾವ್‌ನನ್ನ ಕಳಿಸಿದ್ದ. ಸೋತರು, ಮಗ ಪುಣೆಯಲ್ಲಿ ಸೆರೆಯಾದ. ಅಪ್ಪ ಸತ್ತ ಮೇಲೆ ಗೋವಿಂದರಾವ್ ದೊಡ್ಡ ನಜರಾಣೆ ಒಪ್ಪಿಕೊಂಡು ಗಾದಿ ಪಡೆದ. ಮೂರೇ ವರ್ಷ. 1771ರಲ್ಲಿ ಪುಣೆ ದರ್ಬಾರು ಅದೇ ಗಾದಿಯನ್ನ ಅವನ ಅಣ್ಣ ಸಯಾಜಿರಾವ್ ಹೆಸರಿಗೆ ಬರೆಯಿತು, ಕಾರಭಾರವನ್ನ ಇನ್ನೊಬ್ಬ ಸಹೋದರ ಫತೇಸಿಂಗನ ಕೈಗೆ ಕೊಟ್ಟಿತು.