ಮುದ್ದತು ಮೀರಿದ ಹುಂಡಿ



ರಾಜ್ಯೋತ್ಸವದ ದಿನ ನಾವು ಹಿರಿಯರ ತ್ಯಾಗವನ್ನು ನೆನೆಯುತ್ತೇವೆ; ಅವರ ಸಿಟ್ಟನ್ನು ನೆನೆಯುವುದು ಕಡಿಮೆ. ಇಂದು ಆ ಸಿಟ್ಟಿನ ಮಾತು.

ನಾವು ನೆಲೆಸಿರುವ ಈ ಮುಂಬಯಿಯೇ 1956ರವರೆಗೆ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಸೀಮೆಗೆ ರಾಜಧಾನಿ. 1920ರ ನಾಗಪುರ ಅಧಿವೇಶನದಲ್ಲಿ ಕಾಂಗ್ರೆಸ್ಸು ಭಾಷಾವಾರು ಪ್ರಾಂತಗಳನ್ನು ಒಪ್ಪಿ, ಕನ್ನಡಿಗರಿಗೂ ಬೇರೆ ಪ್ರಾಂತ ಸಮಿತಿ ಕೊಟ್ಟಿತು. ಆ ಮಾತನ್ನು ನಂಬಿ ನಮ್ಮವರು ಖಾದಿ ತೊಟ್ಟರು, ಸೆರೆಮನೆ ಕಂಡರು. ಸ್ವರಾಜ್ಯ ಬಂದಿತು. 1948ರಲ್ಲಿ ಧರ್ ಆಯೋಗ ಬೇಡವೆಂದಿತು. 1949ರಲ್ಲಿ ನೆಹರೂ, ಪಟೇಲ, ಪಟ್ಟಾಭಿಯವರ ಸಮಿತಿ ಸದ್ಯಕ್ಕೆ ತಾಳಿರೆಂದಿತು. ನಮ್ಮಂಥ ಬ್ಯಾಂಕಿನವರ ಭಾಷೆಯಲ್ಲಿ ಹೇಳುವುದಾದರೆ, ಹುಂಡಿ ಬರೆದುಕೊಟ್ಟವರೇ ಮುದ್ದತು ತೀರಿದಾಗ 'ನಾಳೆ ಬಾ' ಎಂದ ಹಾಗೆ!

1953ರಲ್ಲಿ ಆಂಧ್ರಕ್ಕೆ ಮಾತ್ರ ರಾಜ್ಯವೆಂದಾದಾಗ ತಾಳ್ಮೆ ಮುಗಿಯಿತು. ಅಂದಾನಪ್ಪ ದೊಡ್ಡಮೇಟಿಯವರು ಜಕ್ಕಲಿಯಲ್ಲಿ ಉಪವಾಸ ಕುಳಿತರು. ಅವರು ಪರಪಕ್ಷದವರಲ್ಲ, ಕಾಂಗ್ರೆಸ್ಸಿನವರೇ. ಏಪ್ರಿಲ್ 19ರಂದು ಹುಬ್ಬಳ್ಳಿಯಲ್ಲಿ ಜನರು ತಾವೇ ಹಾರ ಹಾಕಿದ್ದ ಮುಖಂಡರನ್ನು ಮುತ್ತಿದರು. ಆ ದಾಂಧಲೆಯನ್ನು ನಾವು ಮೆಚ್ಚಲಾರೆವು. ಆ ನೋವನ್ನು ಅಲ್ಲಗಳೆಯಲೂ ಆರೆವು. ಅಲ್ಲಿಯ ಉಪಚುನಾವಣೆಯಲ್ಲಿ ಕಾಂಗ್ರೆಸ್ಸು ಏಕೀಕರಣವಾದಿಗಳೆದುರು ಸೋತಿತು. ವರ್ಷ ಮುಗಿಯುವ ಮುನ್ನ ದಿಲ್ಲಿಯಲ್ಲಿ ಫಜಲ್ ಅಲಿ ಆಯೋಗ ನೇಮಕವಾಗಿತ್ತು.

1956ರ ನವೆಂಬರ್ 1ರಂದು ಕನ್ನಡನಾಡು ಒಂದಾಯಿತು. ಮರುವರ್ಷದ ಚುನಾವಣೆಯಲ್ಲಿ ಜನ ಮತ್ತೆ ಕಾಂಗ್ರೆಸ್ಸಿಗೇ ಬಹುಮತ ಕೊಟ್ಟರು! ಕರ್ನಾಟಕವೆಂಬ ಹೆಸರೊಂದು ಬಾಕಿ ಉಳಿದಿತ್ತು. ಅದು ಜಮೆಯಾದದ್ದು 1973ರ ನವೆಂಬರ್ 1ಕ್ಕೆ.