ಕಾಯಕಕ್ಕೆ ತಕ್ಕ ಮನೆ



ಸಿದ್ಧರಾಮೇಶ್ವರರ ಸೊನ್ನಲಿಗೆಯು, ಎಂದರೆ ಇಂದಿನ ಸೊಲ್ಲಾಪುರವು, ನೇಕಾರರ ಹಾಗೂ ಬೀಡಿ ಕಟ್ಟುವ ತಾಯಂದಿರ ಪಟ್ಟಣವು. ಅದರ ಬಳಿಯ ಕುಂಭಾರಿಯಲ್ಲಿ ಬೀಡಿ ಕಾರ್ಮಿಕ ಸ್ತ್ರೀಯರ ಸಹಕಾರ ಸಂಘವು ಕಟ್ಟಿಸಿದ 10,000 ಮನೆಗಳು 2006ರಲ್ಲಿ ಅವರ ಕೈಸೇರಿದುವು. ಅಲ್ಲಿಯೇ ರಾಯನಗರವೆಂಬ 30,000 ಮನೆಗಳ ಯೋಜನೆಯಲ್ಲಿ 15,000 ಮನೆಗಳು 2024ರ ಜನವರಿಯಲ್ಲಿ ನೇಕಾರರಿಗೂ, ಬೀದಿ ವ್ಯಾಪಾರಿಗಳಿಗೂ, ಚಿಂದಿ ಆಯುವವರಿಗೂ ಸಮರ್ಪಿತವಾದುವು. ದುಡಿಯುವವರು ಸಂಘಟಿತರಾಗಿ ಹಠ ಹಿಡಿಯದಿದ್ದರೆ ಸರಕಾರದ ಹಣವು ತಾನಾಗಿ ಬರುತ್ತಿರಲಿಲ್ಲ.

ಆದರೆ ಸೂರೊಂದೇ ಸಾಲದು. ಬೀಡಿ ಕಟ್ಟುವವಳಿಗೆ ಮನೆಯೇ ಕಾರ್ಖಾನೆ. ಕುಣಿಮಗ್ಗದ ನೇಕಾರನಾದರೋ ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲಿಳಿಸಿ ಕುಳಿತು ನೇಯತಕ್ಕವನು. ಬಾಡಿಗೆಮನೆಯ ಒಡೆಯನು ನೆಲವನ್ನು ಅಗೆಯಗೊಡನು. ಮಹಡಿಯ ಮೇಲಣ ಕೊಠಡಿಯನ್ನಿತ್ತರೆ ಸೂರು ದೊರೆತು ಕಾಯಕವು ತಪ್ಪುವುದು. ನಸುಕಿನಲ್ಲಿ ಸಾಧನೆಮಾಡುವ ತಬಲಾವಾದಕನ ಪಾಡೂ ಇದೇ. (ಮಠದ ಉತ್ಸವದಲ್ಲಿ ಅವನನ್ನು ಹೊಗಳುವವರೇ ನೆರೆಮನೆಯಲ್ಲಿ ಅವನನ್ನು ಸಹಿಸರು!)

ನಮ್ಮ ಮಠದ ಹಿಂದಣ ಹೊಲದಲ್ಲಿ ಯಾತ್ರಿನಿವಾಸವನ್ನು ಕಟ್ಟಿಸಬೇಕೆಂಬ ಸೂಚನೆಯಿದೆ. ಯಾತ್ರಿಕರು ಜಾತ್ರೆಯ ಐದು ದಿನ ತಂಗುವರು. ನೇಕಾರರೂ ಕಲಾವಿದರೂ ವರುಷವಿಡೀ ಇಲ್ಲಿಯೇ ಬಾಳತಕ್ಕವರು. ಆದುದರಿಂದ ಆ ಹೊಲವನ್ನು ಇವರಿಗೆ ಬಿಡುವುದೇ ಯುಕ್ತವೆಂದು ನನ್ನ ಮತ. ನೆಲವನ್ನು ಮಾರಕೂಡದು, ಮಾರಿದರೆ ಕೆಲವೇ ವರುಷಗಳಲ್ಲಿ ಅದು ಹಣವಂತರ ಪಾಲಾಗುವುದು. ನೆಲವು ಮಠದ್ದು, ಮನೆಯು ಅವರದು ಎಂಬ ಕರಾರಿನಿಂದ ದೀರ್ಘಕಾಲದ ಗೇಣಿಗೆ ಕೊಡಬಹುದು. ಕಟ್ಟಡದ ನಕಾಶೆಯನ್ನು ಬರೆಯಿಸುವ ಮುನ್ನ ಮಗ್ಗದವರನ್ನು ಕರೆದು ಕುಣಿಯ ಅಳತೆಯನ್ನು ಕೇಳಬೇಕೆಂದು ಆಡಳಿತ ಮಂಡಲಿಯವರಲ್ಲಿ ಪ್ರಾರ್ಥಿಸುವೆನು.