ಶಿಕ್ಷೆ ಮುಗಿದ ಮೇಲಿನ ಸೆರೆ ಮತ್ತು ಮೇಲ್ಮನವಿಯ ಹಕ್ಕು



ಯಾರೂ ಅನುಕಂಪ ತೋರಲು ಬಯಸದ ಜನರ ಬಗ್ಗೆ ನಾವಿಂದು ಮಾತನಾಡುತ್ತಿದ್ದೇವೆ. ಲೈಂಗಿಕ ಹಿಂಸೆ ಎಸಗಿದವನನ್ನು ನಾವು ಸಮರ್ಥಿಸುವುದಿಲ್ಲ. ಮಗುವಿನ ಬಾಲ್ಯವನ್ನು, ಹೆಣ್ಣಿನ ನೆಮ್ಮದಿಯನ್ನು ಕಸಿದವನಿಗೆ ಕಠಿಣ ಶಿಕ್ಷೆಯಾಗಲೇಬೇಕು. ಆದರೆ ಆ ಶಿಕ್ಷೆಯನ್ನು ಪೂರ್ತಿ ಅನುಭವಿಸಿದ ಬಳಿಕವೂ, ಮುಂದೆ ಮಾಡಬಹುದಾದ ಅಪರಾಧಕ್ಕಾಗಿ ಅವನನ್ನು ಕೂಡಿಹಾಕಬಹುದೇ? ಕೂಡಿಹಾಕಿದರೆ, ಅದನ್ನು ಪ್ರಶ್ನಿಸುವ ದಾರಿ ಯಾವುದು?

ಅಮೇರಿಕದಲ್ಲಿ ಇಂತಹ ಕಾನೂನುಗಳಿವೆ. 1990ರಲ್ಲಿ ವಾಷಿಂಗ್ಟನ್ ರಾಜ್ಯ ಇದಕ್ಕೆ ನಾಂದಿ ಹಾಡಿತು. ಇಂದು ಸುಮಾರು 20 ರಾಜ್ಯಗಳು ಈ ದಾರಿ ಹಿಡಿದಿವೆ. ಸೆರೆವಾಸದ ಅವಧಿ ಮುಗಿಯುವ ಹೊತ್ತಿಗೆ ಸರಕಾರ ಮತ್ತೆ ನ್ಯಾಯಾಲಯದ ಮೆಟ್ಟಿಲೇರುತ್ತದೆ. ಈತನಲ್ಲಿ ಮಾನಸಿಕ ವೈಪರೀತ್ಯವಿದೆ, ಬಿಟ್ಟರೆ ಮತ್ತೆ ಹಿಂಸೆ ಎಸಗುವ ಸಂಭವವಿದೆ ಎಂದು ಸಾಬೀತಾದರೆ, ಅವಧಿಯೇ ಇಲ್ಲದ ಬಂಧನ. ಅದರ ಹೆಸರು ಮಾತ್ರ ಶಿಕ್ಷೆಯಲ್ಲ, ಚಿಕಿತ್ಸೆ.

1997ರಲ್ಲಿ ‘ಕನ್ಸಾಸ್ ವಿರುದ್ಧ ಹೆಂಡ್ರಿಕ್ಸ್’ ಮೊಕದ್ದಮೆಯಲ್ಲಿ ಅಮೇರಿಕದ ಸುಪ್ರೀಮ್ ಕೋರ್ಟ್ 5-4 ಬಹುಮತದಿಂದ ಇದನ್ನು ಎತ್ತಿಹಿಡಿಯಿತು. ಇದು ಶಿಕ್ಷೆಯೇ ಅಲ್ಲ, ಆದ್ದರಿಂದ ಒಂದೇ ತಪ್ಪಿಗೆ ಎರಡು ಬಾರಿ ದಂಡಿಸಿದಂತಾಗದು ಎಂಬುದು ಅದರ ತರ್ಕ. ಭಿನ್ನಮತ ಸೂಚಿಸಿದ ನ್ಯಾಯಮೂರ್ತಿ ಬ್ರೇಯರ್ ಮರ್ಮಕ್ಕೆ ಕೈಹಾಕಿದರು: ಸೆರೆವಾಸ ಮುಗಿಯುವ ತನಕ ಚಿಕಿತ್ಸೆಯನ್ನೇ ಮುಂದೂಡಿದ ಸರಕಾರದ ಉದ್ದೇಶ ಚಿಕಿತ್ಸೆಯೇ? 2002ರಲ್ಲಿ ಅದೇ ನ್ಯಾಯಾಲಯ, ತನ್ನನ್ನು ನಿಯಂತ್ರಿಸಿಕೊಳ್ಳಲು ಆತನಿಗೆ ಗಂಭೀರ ತೊಂದರೆಯಿದೆ ಎಂಬುದನ್ನು ಸರಕಾರ ತೋರಿಸಲೇಬೇಕು ಎಂದಿತು.

ಇನ್ನು ಮಿನ್ನೆಸೋಟ ರಾಜ್ಯವನ್ನು ನೋಡಿ. ಅಲ್ಲಿ ಬಂಧಿತನು ಮೊದಲು ಪರಿಶೀಲನಾ ಮಂಡಳಿಗೆ ಅರ್ಜಿ ಸಲ್ಲಿಸಬೇಕು. ನಂತರ ಮೂವರು ನ್ಯಾಯಾಧೀಶರ ಪೀಠ, ಅದರ ಮೇಲೆ ಮೇಲ್ಮನವಿ ನ್ಯಾಯಾಲಯ. ಕಾಗದದಲ್ಲಿ ಮೆಟ್ಟಿಲುಗಳಿಗೆ ಕೊರತೆಯಿಲ್ಲ. ಆದರೆ 2015ರಲ್ಲಿ ಫೆಡರಲ್ ನ್ಯಾಯಾಧೀಶ ಡೊನೊವನ್ ಫ್ರಾಂಕ್ ತೀರ್ಪಿತ್ತಾಗ, 700ಕ್ಕೂ ಮಿಕ್ಕಿ ಜನರಿದ್ದ ಆ ವ್ಯವಸ್ಥೆಯಿಂದ ಸುಮಾರು 20 ವರ್ಷಗಳಲ್ಲಿ ಒಬ್ಬನಿಗೂ ಸಂಪೂರ್ಣ ಬಿಡುಗಡೆ ದೊರೆತಿರಲಿಲ್ಲ! ಇದು ಸಂವಿಧಾನಬಾಹಿರ ಎಂದರು ಅವರು. 2017ರಲ್ಲಿ ಮೇಲಿನ ನ್ಯಾಯಾಲಯ ಆ ತೀರ್ಪನ್ನು ರದ್ದುಪಡಿಸಿತು. ಅದೇ ವರ್ಷ ಸುಪ್ರೀಮ್ ಕೋರ್ಟ್ ವಿಚಾರಣೆಗೆ ಒಪ್ಪಲಿಲ್ಲ. ಆದರೂ ಆ ಹೋರಾಟ ವ್ಯರ್ಥವಾಗಲಿಲ್ಲ. ಮುಚ್ಚಿದ ಬಾಗಿಲ ಹಿಂದಿನ ಸತ್ಯ ಜಗತ್ತಿಗೆ ತಿಳಿಯಿತು. ಮೊದಲ ಸಂಪೂರ್ಣ ಬಿಡುಗಡೆ 2016ರಲ್ಲಿ ಆಯಿತು.

ಸಂತ್ರಸ್ತರ ಪಾಡೇನು ಎಂದು ಕೇಳುವವರಿದ್ದಾರೆ. ಅದು ನ್ಯಾಯವಾದ ಪ್ರಶ್ನೆ. ಅಪರಾಧಕ್ಕೆ ತಕ್ಕ ದೀರ್ಘ ಶಿಕ್ಷೆಯನ್ನು ತೀರ್ಪಿನ ದಿನವೇ ವಿಧಿಸಲಿ. ಚಿಕಿತ್ಸೆ ಸೆರೆಮನೆಯ ಮೊದಲ ದಿನದಿಂದಲೇ ಆರಂಭವಾಗಲಿ. ಬಿಡುಗಡೆಯಾದವನ ಮೇಲೆ ನಿಗಾ ಇರಲಿ. ಮಕ್ಕಳನ್ನು ಕಾಯುವುದು ಇವು. ಪುನರ್ವಿಮರ್ಶೆಯಿಲ್ಲದ ಬಂಧನವು ಅಪಾಯಕಾರಿಯನ್ನೂ ಬದಲಾದವನನ್ನೂ ಒಂದೇ ಕೋಣೆಗೆ ತಳ್ಳುತ್ತದೆ, ಅಷ್ಟೇ.

ಇದು ನಮಗೆ ದೂರದ ಕಥೆಯಲ್ಲ. ನಮ್ಮ ಸಂವಿಧಾನದ 22ನೇ ವಿಧಿಯೂ ಮುಂಜಾಗ್ರತಾ ಬಂಧನಕ್ಕೆ ಅವಕಾಶ ನೀಡಿದೆ. ಇತರ ಬಂಧಿತರಿಗೆ ಆ ವಿಧಿ ಕೊಟ್ಟ ವಕೀಲರ ನೆರವಿನ ಹಕ್ಕು ಈ ಬಂಧಿತರಿಗಿಲ್ಲ. ಮಾಡಿದ್ದಕ್ಕಲ್ಲ, ಮಾಡಬಹುದಾದುದಕ್ಕೆ ಬಂಧಿಸುವ ಅಧಿಕಾರ ಮೊದಲು ಎಲ್ಲರೂ ದ್ವೇಷಿಸುವವನ ಮೇಲೆ ಪ್ರಯೋಗವಾಗುತ್ತದೆ. ಆಗ ನಾವು ಚಪ್ಪಾಳೆ ತಟ್ಟಿದರೆ, ನಾಳೆ ನಿರಪರಾಧಿಯ ಬಾಗಿಲು ಬಡಿದಾಗ ಆಕ್ಷೇಪಿಸಲು ನಮಗೆ ಯಾವ ನೈತಿಕ ಹಕ್ಕಿದೆ?

ಸಜ್ಜನನಿಗೆ ನ್ಯಾಯ ಕೊಡುವುದು ಸುಲಭ. ನಾವು ಅಸಹ್ಯಪಡುವವನ ಮೇಲ್ಮನವಿಯನ್ನೂ ತಾಳ್ಮೆಯಿಂದ ಆಲಿಸುವ ನ್ಯಾಯಾಲಯವೇ ನಮ್ಮೆಲ್ಲರ ರಕ್ಷಣೆ.